ಒಟ್ಟು ಲಾಭವೋ, ಎಲ್ಲರ ಒಪ್ಪಿಗೆಯೋ: ಬಾಗಲಕೋಟೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನವನಗರದ ಚಹಾದಂಗಡಿಯಲ್ಲಿ, ಡಿಗ್ರಿ ಓದುವವರ ಪತ್ರಗಳಲ್ಲಿ, ಕೆಎಎಸ್‌ಗೆ ತಯಾರಾಗುವವರ ಮೆಸೇಜುಗಳಲ್ಲಿ ಉಪಯುಕ್ತತಾವಾದ, ಸಾಮಾಜಿಕ ಒಪ್ಪಂದ ಅನ್ನುವ ನ್ಯಾಯದ ಎರಡು ಸಿದ್ಧಾಂತಗಳ ಬಗ್ಗೆ ತಿರುಗಿ ತಿರುಗಿ ಬರುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ಎಲ್ಲವನ್ನೂ ಓದಬೇಕಿಲ್ಲ, ಬೇಕಾದ ಕಡೆ ಇಳಿಯಿರಿ. ಉದಾಹರಣೆಗಳು ಜಾಸ್ತಿ ಆಲಮಟ್ಟಿ, ಮುಳುಗಡೆ, ಕಾಲುವೆ ನೀರಿನವು. ಬಾಗಲಕೋಟೆಯಲ್ಲಿ ಕೂತು ನ್ಯಾಯದ ಮಾತಾಡುವಾಗ ಬೇರೆ ಉದಾಹರಣೆ ಯಾಕೆ ಹುಡುಕಬೇಕು?

## ಶುರುವಿಗೆ

ಈ ಎರಡೂ ಸಿದ್ಧಾಂತ ಏನಂತಾವ್ರಿ? ನೋಟ್ಸ್ ಭಾಷೆ ಬ್ಯಾಡ, ತಿಳಿಯೋ ಹಂಗ ಹೇಳ್ರಿ.

ಉಪಯುಕ್ತತಾವಾದ ಕೇಳುವುದು ಒಂದೇ ಮಾತು: ಇದರಿಂದ ಒಟ್ಟು ಎಷ್ಟು ಒಳ್ಳೆಯದಾಯಿತು, ಎಷ್ಟು ಕೆಟ್ಟದ್ದಾಯಿತು? ಎಲ್ಲರ ಸುಖದುಃಖ ಕೂಡಿಸಿ ಕಳೆಯಿರಿ. ಯಾವ ದಾರಿಯಲ್ಲಿ ಉಳಿಕೆ ಜಾಸ್ತಿಯೋ ಅದೇ ಸರಿ. ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಇದಕ್ಕೊಂದು ಗಟ್ಟಿ ರೂಪ ಕೊಟ್ಟ. ಜಾನ್ ಸ್ಟೂವರ್ಟ್ ಮಿಲ್ 1861ರಲ್ಲಿ ಅದನ್ನು ತಿದ್ದಿ ತೀಡಿ ಮತ್ತೆ ಮಂಡಿಸಿದ.

ಸಾಮಾಜಿಕ ಒಪ್ಪಂದದವರ ಪ್ರಶ್ನೆ ಬೇರೆ. ಈ ನಿಯಮದ ಕೆಳಗೆ ಬದುಕಬೇಕಾದ ಪ್ರತಿಯೊಬ್ಬರೂ ಇದನ್ನು ಒಪ್ಪಬಲ್ಲರೇ? ಒಬ್ಬನೇ ಒಬ್ಬ "ನಾ ಒಲ್ಲೆ" ಅಂದರೂ, ಅವನ ಹತ್ತಿರ ತಕ್ಕ ಕಾರಣ ಇದೆಯೋ ಇಲ್ಲವೋ ನೋಡಬೇಕು. ಮಿಕ್ಕವರು ಲಕ್ಷ ಜನ ಇದ್ದಾರೆ ಅನ್ನುವುದು ಅವನಿಗೆ ಉತ್ತರ ಆಗುವುದಿಲ್ಲ.

ಅಲ್ರೀ, ಹೆಚ್ಚು ಮಂದಿಗೆ ಒಳ್ಳೇದಾದ್ರ ಸಾಕಲ್ಲ? ಇನ್ನೇನ್ ಬೇಕು?

ಬಹಳ ಸಲ ಸಾಕು. ಊರಿಗೆ ಲಸಿಕೆ ಯಾರಿಗೆ ಮೊದಲು, ಬಸ್ ನಿಲ್ದಾಣ ಎಲ್ಲಿ ಅನ್ನುವ ಕೆಲಸಗಳಲ್ಲಿ ಹೀಗೆ ಲೆಕ್ಕ ಹಾಕದೆ ಬೇರೆ ದಾರಿಯೇ ಇಲ್ಲ. ಲೆಕ್ಕ ಬೇಡ ಅನ್ನುವವರನ್ನು ಕಂಡರೆ ನನಗೂ ಅನುಮಾನವೇ.

ತೊಂದರೆ ಶುರುವಾಗುವುದು ಲಾಭ ಒಬ್ಬರದ್ದು, ನಷ್ಟ ಇನ್ನೊಬ್ಬರದ್ದು ಆದಾಗ. ಆಲಮಟ್ಟಿಯನ್ನೇ ನೋಡಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು. ಇವತ್ತು ಅಲ್ಲಿ 290 ಮೆಗಾವ್ಯಾಟ್ ವಿದ್ಯುತ್ ಘಟಕ ಇದೆ, ಏತ ನೀರಾವರಿಯಿಂದ ವಿಜಯಪುರ ಜಿಲ್ಲೆಯ ಒಣ ಹೊಲಗಳಿಗೆ ನೀರು ಹತ್ತುತ್ತಿದೆ. ಇನ್ನೊಂದು ಕಡೆ ಹೊಳೆ ದಂಡೆಯ ಎರೆ ಹೊಲ, ಮನೆ, ಗುಡಿ, ಗೋರಿ, ಹಳೇ ಬಾಗಲಕೋಟೆಯ ಓಣಿಗಳು ನೀರಿಗೆ ಹೋದವು. ನವನಗರ ಹುಟ್ಟಿದ್ದೇ ಅದಕ್ಕೆ. ಮೊತ್ತ ಹಾಕಿದರೆ ಲಾಭವೇ ದೊಡ್ಡದು ಅಂತ ಇಟ್ಟುಕೊಳ್ಳೋಣ. ಆದರೆ ಲಾಭದ ಅಂಕಿ ಬಿದ್ದದ್ದು ಒಬ್ಬನ ಹೊಲಕ್ಕೆ, ನಷ್ಟದ ಅಂಕಿ ಬಿದ್ದದ್ದು ಇನ್ನೊಬ್ಬನ ಅಂಗಳಕ್ಕೆ. ಒಬ್ಬನೇ ಮನುಷ್ಯ ಇವತ್ತು ಹಲ್ಲು ಕೀಳಿಸಿಕೊಂಡು ನಾಳೆ ನೆಮ್ಮದಿಯಾಗಿರುವುದು ಬೇರೆ. ನಿಮ್ಮ ಹಲ್ಲು ಕಿತ್ತು ನನಗೆ ನೆಮ್ಮದಿ ಕೊಡುವುದು ಬೇರೆ. ಒಪ್ಪಂದದ ಕಡೆಯ ದಾರ್ಶನಿಕ ಜಾನ್ ರಾಲ್ಸ್ 1971ರಲ್ಲಿ ಎತ್ತಿದ ಮುಖ್ಯ ಆಕ್ಷೇಪ ಇದೇ: ಒಬ್ಬ ಮನುಷ್ಯ ಇನ್ನೊಬ್ಬನಿಂದ ಬೇರೆ ಅನ್ನುವ ಮಾತನ್ನು ಉಪಯುಕ್ತತಾವಾದ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಒಪ್ಪಂದ ಅಂತೀರಿ, ಅದಕ್ಕ ಸಹಿ ಹಾಕಿದವರು ಯಾರ್ರಿ? ನಮ್ಮಜ್ಜ ಅಂತೂ ಹಾಕಿಲ್ಲ.

ಯಾರ ಅಜ್ಜನೂ ಹಾಕಿಲ್ಲ. ಹಳೇ ಒಪ್ಪಂದವಾದಿಗಳಲ್ಲಿ ಹಾಬ್ಸ್ 1651ರಲ್ಲಿ ಕೊಟ್ಟ ಚಿತ್ರ ಭಯದ್ದು: ಸರ್ಕಾರ ಇಲ್ಲದಿದ್ದರೆ ಎಲ್ಲರೂ ಎಲ್ಲರ ಮೇಲೆ ಬೀಳುತ್ತಾರೆ, ಆದ್ದರಿಂದ ಅಧಿಕಾರವನ್ನು ಒಬ್ಬನ ಕೈಗೆ ಕೊಟ್ಟು ಜೀವ ಉಳಿಸಿಕೊಳ್ಳುತ್ತಾರೆ. ಲಾಕ್ ಪ್ರಕಾರ ಜೀವ, ಸ್ವಾತಂತ್ರ್ಯ, ಆಸ್ತಿಯ ಹಕ್ಕು ಸರ್ಕಾರಕ್ಕಿಂತ ಮೊದಲೇ ಇದ್ದವು, ಅವನ್ನು ಕಾಯದ ಸರ್ಕಾರವನ್ನು ಇಳಿಸಬಹುದು. ರೂಸೋ 1762ರಲ್ಲಿ ಮಾತನ್ನು ಜನರ ಸಾಮಾನ್ಯ ಇಚ್ಛೆಯ ಕಡೆ ತಿರುಗಿಸಿದ.

ನಿಮ್ಮ ಪ್ರಶ್ನೆಯನ್ನು ಡೇವಿಡ್ ಹ್ಯೂಮ್ 1748ರಲ್ಲೇ ಕೇಳಿದ್ದ. ನಿದ್ದೆಯಲ್ಲಿದ್ದವನನ್ನು ಹಡಗಿಗೆ ಹೊತ್ತು ಹಾಕಿ, ನಡು ಸಮುದ್ರದಲ್ಲಿ "ನೀನು ಇಳಿದು ಹೋಗಿಲ್ಲ, ಅಂದರೆ ಕ್ಯಾಪ್ಟನ್ನನ್ನು ಒಪ್ಪಿದ್ದೀಯ" ಅಂದ ಹಾಗಾಯಿತು ಅಂತ ಕುಟುಕಿದ. ಆ ಏಟಿಗೆ ಹಳೇ ಒಪ್ಪಂದವಾದ ಪೂರ್ತಿ ಸುಧಾರಿಸಿಕೊಳ್ಳಲಿಲ್ಲ ಅಂತಲೇ ನನ್ನ ಅನಿಸಿಕೆ. ಹಾಗಾಗಿ ರಾಲ್ಸ್ ನಡೆದ ಒಪ್ಪಂದದ ಮಾತೇ ಆಡುವುದಿಲ್ಲ. ನ್ಯಾಯವಾದ ಪರಿಸ್ಥಿತಿಯಲ್ಲಿ ಕೂತರೆ ಜನ ಯಾವ ನಿಯಮ ಒಪ್ಪುತ್ತಿದ್ದರು ಅಂತ ಕೇಳುತ್ತಾನೆ. ಸಹಿ ಬೇಕಿಲ್ಲ, ಅದು ನಿಯಮವನ್ನು ಒರೆಗೆ ಹಚ್ಚುವ ವಿಧಾನ ಅಷ್ಟೇ.

ಬೆಂಥಮ್ ಅಂದ್ರ ಕರುಣೆ ಇಲ್ಲದ ಲೆಕ್ಕದ ಮನುಷ್ಯ, ಹೌದಲ್ರಿ?

ತಪ್ಪು. ಅವನ ಕಾಲಕ್ಕೆ ಅವನ ಲೆಕ್ಕ ಕ್ರಾಂತಿಯೇ. ದೊರೆಯ ನೋವು, ಕೂಲಿಯವನ ನೋವು ಎರಡಕ್ಕೂ ಒಂದೇ ತೂಕ ಅನ್ನುವುದು 18ನೇ ಶತಮಾನದಲ್ಲಿ ಸಣ್ಣ ಮಾತಲ್ಲ. ಪ್ರಾಣಿಗಳ ವಿಷಯದಲ್ಲಿ "ಅವು ಯೋಚಿಸಬಲ್ಲವೇ ಅಂತಲ್ಲ, ನರಳಬಲ್ಲವೇ ಅಂತ ಕೇಳಿ" ಅಂದವನು ಅವನೇ. ಸಹಜ ಹಕ್ಕುಗಳ ಮಾತು ಮಾತ್ರ ಅವನಿಗೆ ಆಗುತ್ತಿರಲಿಲ್ಲ, ಶುದ್ಧ ಬುರುಡೆ ಅನ್ನುತ್ತಿದ್ದ. (ಅವನ ಅಸ್ಥಿಪಂಜರಕ್ಕೆ ಬಟ್ಟೆ ತೊಡಿಸಿ ಲಂಡನ್ನಿನ ಕಾಲೇಜೊಂದರಲ್ಲಿ ಇವತ್ತಿಗೂ ಕೂರಿಸಿದ್ದಾರೆ. ಅವನೇ ಉಯಿಲು ಬರೆದಿಟ್ಟದ್ದು. ಸತ್ತ ಮೇಲೂ ಉಪಯೋಗಕ್ಕೆ ಬರಬೇಕಂತೆ.)

ಮಿಲ್‌ಗೆ ನಮ್ಮ ದೇಶದ ನಂಟೂ ಇತ್ತು. 1823ರಿಂದ 1858ರ ತನಕ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೆಲಸ ಮಾಡಿದ. ಸ್ವಾತಂತ್ರ್ಯದ ಬಗ್ಗೆ ಅಷ್ಟು ಚೆಂದ ಬರೆದವನು ಭಾರತದವರಿಗೆ ಅದು ಇನ್ನೂ ಹೊಂದುವುದಿಲ್ಲ ಅಂದುಕೊಂಡಿದ್ದ. "ಅವರ ಒಳ್ಳೆಯದಕ್ಕೇ" ಅಂತ ಬೇರೆಯವರ ಲೆಕ್ಕವನ್ನು ನಾವು ಹಾಕಲು ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಬಸವಣ್ಣನವರನ್ನ ಯಾವ ಕಡೆ ಸೇರಿಸ್ತೀರಿ?

ಎರಡೂ ಕಡೆ ಸೇರಿಸೋಲ್ಲ. ಕಾಯಕ, ದಾಸೋಹದ ಮಾತು ಮೊತ್ತದಿಂದಲೂ ಶುರುವಾಗುವುದಿಲ್ಲ, ಒಪ್ಪಂದದಿಂದಲೂ ಅಲ್ಲ. ಕೂಡಲಸಂಗಮ ಪಕ್ಕದಲ್ಲಿದೆ ಅಂತ 12ನೇ ಶತಮಾನದವರನ್ನು ಎಳೆದು ತಂದು 20ನೇ ಶತಮಾನದ ಜಗಳದಲ್ಲಿ ಕೂರಿಸಬಾರದು.

## ಸ್ವಲ್ಪ ಒಳಗೆ

ಸುಖ ಅಳಿಯೋದು ಹೆಂಗ್ರಿ? ತಕ್ಕಡಿ ಎಲ್ಲಿಂದ ತರೋದು?

ಬೆಂಥಮ್ ಸುಖದ ತೀವ್ರತೆ, ಅವಧಿ, ಖಚಿತತೆ ಅಂತ ಒಂದು ಪಟ್ಟಿಯನ್ನೇ ಕೊಟ್ಟ. ಮಿಲ್ ಎಲ್ಲ ಸುಖಗಳೂ ಒಂದೇ ದರ್ಜೆಯವಲ್ಲ ಅಂದ. ಆಮೇಲೆ ಬಂದ ಅರ್ಥಶಾಸ್ತ್ರಜ್ಞರು ಇಬ್ಬರನ್ನೂ ಬದಿಗಿಟ್ಟು, ಜನ ಒಂದು ವಸ್ತುವಿಗೆ ಎಷ್ಟು ದುಡ್ಡು ಕೊಡಲು ತಯಾರಿದ್ದಾರೆ ಅನ್ನುವುದನ್ನೇ ಅಳತೆ ಮಾಡಿಕೊಂಡರು. ಅಲ್ಲಿಂದ ಹೊಸ ತಾಪತ್ರಯ. ದುಡ್ಡಿದ್ದವನ ಸಣ್ಣ ಆಸೆ ಇಲ್ಲದವನ ದೊಡ್ಡ ಅಗತ್ಯಕ್ಕಿಂತ ಭಾರ ಆಗಿಬಿಡುತ್ತದೆ.

ಕೆಲವಕ್ಕೆ ಬೆಲೆ ಹಚ್ಚಲು ಹೋದರೆ ನಮಗೇ ನಾಚಿಕೆ. ಹಿನ್ನೀರು ಬರುತ್ತದೆ ಅಂದಾಗ ಕೂಡಲಸಂಗಮದ ಐಕ್ಯಮಂಟಪದ ಸುತ್ತ ಗೋಡೆ ಕಟ್ಟಿ, ಬಾವಿಯೊಳಗೆ ಇಳಿದ ಹಾಗೆ ಇಳಿದು ದರ್ಶನ ಮಾಡುವಂತೆ ಉಳಿಸಿಕೊಂಡರು. ಅದನ್ನು ಉಳಿಸುವುದರಿಂದ ಎಷ್ಟು ಲಾಭ ಅಂತ ಇಲ್ಲಿ ಯಾರೂ ಕೇಳಲಿಲ್ಲ. ಉಪಯುಕ್ತತಾವಾದಿ ಇದಕ್ಕೂ ಉತ್ತರ ಕೊಡುತ್ತಾನೆ: ಭಕ್ತರ ನೆಮ್ಮದಿಯೂ ಸುಖವೇ ತಾನೇ, ಅದನ್ನೂ ಕೂಡಿಸಿ. ಸರಿ. ಆದರೆ ಹಳ್ಳಿಯ ಒಂದು ಸಣ್ಣ ದರ್ಗಾ, ಒಂದು ಕರೆವ್ವನ ಕಟ್ಟೆ? ಭಕ್ತರು ಕಮ್ಮಿ, ಅಂಕಿ ಸಣ್ಣದು, ಅದು ಮುಳುಗುತ್ತದೆ.

"ಅಜ್ಞಾನದ ಪರದೆ" ಅಂದ್ರ ಏನ್ರಿ? ಓದಿದೀನಿ, ತಲಿಗೆ ಹತ್ತಿಲ್ಲ.

ಕಾಲುವೆ ನೀರಿನ ಪಾಳಿ ನಿಗದಿ ಮಾಡಲು ಸಭೆ ಕೂತಿದೆ ಅಂದುಕೊಳ್ಳಿ. ಕಾಲುವೆ ತಲೆಗೆ ಹೊಲ ಇದ್ದವರು ಕಬ್ಬು ಹಚ್ಚಿದ್ದಾರೆ, ಮೊದಲು ನಮಗೆ ಅನ್ನುತ್ತಾರೆ. ಕೊನೆಭಾಗದ ರೈತರಿಗೆ ನೀರು ಮುಟ್ಟುವುದೇ ಇಲ್ಲ, ಅವರು ಕೂಗಾಡುತ್ತಾರೆ. ಈ ಜಗಳ ನೋಡದ ನೀರಾವರಿ ಭಾಗ ಇಲ್ಲ. ಈಗ ಒಂದು ಷರತ್ತು: ನಿಯಮ ಮಾಡುವಾಗ ನಿಮ್ಮ ಹೊಲ ಕಾಲುವೆಯ ತಲೆಗಿದೆಯೋ ಕೊನೆಗಿದೆಯೋ ನಿಮಗೇ ಗೊತ್ತಿಲ್ಲ. ಹೊಲ ಇದೆಯೋ, ಕೂಲಿಗೆ ಹೋಗುತ್ತೀರೋ ಅದೂ ಗೊತ್ತಿಲ್ಲ. ಗಂಡೋ ಹೆಣ್ಣೋ, ಯಾವ ಜಾತಿ, ಯಾವ ದೇವರು, ಏನೂ ಗೊತ್ತಿಲ್ಲ. ಆಗ ಯಾವ ನಿಯಮಕ್ಕೆ ಕೈ ಎತ್ತುತ್ತೀರಿ?

ರಾಲ್ಸ್ ಹೇಳುವ ಪರದೆ ಇದು. ಪರದೆ ಹಿಂದೆ ಕೂತವರು ಎರಡು ತತ್ವ ಆರಿಸುತ್ತಾರೆ ಅಂತ ಅವನ ವಾದ. ಮೊದಲನೆಯದು ಎಲ್ಲರಿಗೂ ಸಮಾನ ಮೂಲ ಸ್ವಾತಂತ್ರ್ಯಗಳು. ಎರಡನೆಯದು, ಏರುಪೇರು ಇರಬಹುದು, ಆದರೆ ಅವಕಾಶ ಎಲ್ಲರಿಗೂ ನಿಜವಾಗಿ ತೆರೆದಿರಬೇಕು, ಮತ್ತು ಆ ಏರುಪೇರಿನಿಂದ ಎಲ್ಲರಿಗಿಂತ ಕೆಳಗಿದ್ದವರಿಗೆ ಆದಷ್ಟು ಹೆಚ್ಚು ಅನುಕೂಲ ಆಗಬೇಕು. ಮೊದಲನೆಯದನ್ನು ಮಾರಿ ಎರಡನೆಯದನ್ನು ಕೊಳ್ಳುವಂತಿಲ್ಲ. ಇನ್ನೊಂದು ಎಚ್ಚರ: ಅವನು ಇದನ್ನು ಹೇಳಿದ್ದು ಸಂವಿಧಾನ, ಆಸ್ತಿ ವ್ಯವಸ್ಥೆಯಂಥ ಸಮಾಜದ ಮೂಲ ಚೌಕಟ್ಟಿಗೆ, ಒಂದೊಂದು ಕಾಲುವೆಗಲ್ಲ. ಕಾಲುವೆ ನಾನು ತಂದದ್ದು, ತಿಳಿಯಲಿ ಅಂತ.

ಪರಿಹಾರ ಕೊಟ್ರ ಮುಗೀತಲ್ರಿ. ಆಮ್ಯಾಲ ಯಾಕ ಗುಣುಗುಣು?

ನಮ್ಮ ಕಡೆ ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಇದು. ಆದ್ದರಿಂದ ಉತ್ತರವೂ ಉದ್ದ.

ಮೊದಲು ಲೆಕ್ಕದ ಹುಟ್ಟು ನೋಡಿ. ದೊಡ್ಡ ಯೋಜನೆಗಳ ಲಾಭ-ವೆಚ್ಚದ ಲೆಕ್ಕಕ್ಕೆ ಕಾನೂನಿನ ಬಲ ಬಂದದ್ದು 1936ರಲ್ಲಿ, ಅಮೆರಿಕದ ಪ್ರವಾಹ ನಿಯಂತ್ರಣ ಕಾಯ್ದೆಯಿಂದ. ಲಾಭ "ಯಾರಿಗೇ ಸೇರಲಿ", ವೆಚ್ಚಕ್ಕಿಂತ ಜಾಸ್ತಿ ಇದ್ದರೆ ಆಯಿತು ಅಂತ ಅದರ ಅರ್ಥ. 1939ರಲ್ಲಿ ಕಾಲ್ಡಾರ್, ಹಿಕ್ಸ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಗೆದ್ದವರು ಸೋತವರಿಗೆ ಪರಿಹಾರ ಕೊಟ್ಟೂ ಲಾಭದಲ್ಲಿ ಉಳಿಯುವಂತಿದ್ದರೆ ಯೋಜನೆ ಒಳ್ಳೆಯದೇ. ನಿಜವಾಗಿ ಕೊಟ್ಟರೋ ಬಿಟ್ಟರೋ ಅದು ಬೇರೆ ವಿಚಾರ! ಮೊತ್ತವಷ್ಟೇ ಮುಖ್ಯ ಅನ್ನುವವನಿಗೆ ಪರಿಹಾರ ಅನ್ನುವುದು ಒಂದು ಕಿಸೆಯಿಂದ ಇನ್ನೊಂದಕ್ಕೆ ಹೋದ ದುಡ್ಡು. ಕೊಡದಿದ್ದರೆ ಜನ ಸಿಟ್ಟಾಗುತ್ತಾರೆ, ನಂಬಿಕೆ ಹೋಗುತ್ತದೆ, ಹಾಗಾಗಿ ಕೊಡಿ ಅನ್ನಬಹುದು. ಅವರಿಗೆ ಸಲ್ಲಬೇಕಾದ್ದು ಅನ್ನುವುದೇ ಅವನ ಮೊದಲ ಕಾರಣ ಆಗುವುದಿಲ್ಲ.

ಒಪ್ಪಂದವಾದಿಗೆ ಪರಿಹಾರ ಉಪಕಾರವಲ್ಲ. ಊರು ಬಿಡುವವನಿಗೆ ನಾವು ಕೊಡಬೇಕಾದ ಉತ್ತರದ ಒಂದು ಭಾಗ ಅದು. ಅಲ್ಲಿ ಮೊದಲ ಪ್ರಶ್ನೆ, ಯಾರು ಯಾರಿಗೆ ಉತ್ತರ ಕೊಡಬೇಕು?

ಒಂದು ಹೊಲ ಹತ್ತಿರದಿಂದ ನೋಡೋಣ. ಉತಾರದಲ್ಲಿ, ಅಂದರೆ ಹೊಲದ ದಾಖಲೆಯಲ್ಲಿ, ಹೆಸರು ಅಣ್ಣನದ್ದು, ಅವನು ಇರುವುದು ಪುಣೆಯಲ್ಲಿ. ಹೊಲ ಪಾಲಿಗೆ ಮಾಡುವವನು ಇನ್ನೊಬ್ಬ, ಹತ್ತಾರು ವರ್ಷದಿಂದ. ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳು ಬೇರೆ. ಎತ್ತಿನ ಹಗ್ಗ, ಬಾರುಕೋಲು ಮಾಡಿಕೊಡುವವನು ಮತ್ತೊಬ್ಬ. ನೀರು ಬಂತು. ಚೆಕ್ ಬರುವುದು ಉತಾರದ ಹೆಸರಿಗೆ. ಮಿಕ್ಕವರ ಬದುಕೂ ಅದೇ ಹೊಲದ್ದು, ಆದರೆ ಅವರ ಹೆಸರಿನ ಕಾಗದ ಇಲ್ಲ. 2013ರ ಭೂಸ್ವಾಧೀನ ಕಾಯ್ದೆ ಇದನ್ನು ಗುರುತಿಸಿತು. ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅಲ್ಲೇ ದುಡಿದು, ಅದರಿಂದಲೇ ಮುಖ್ಯವಾಗಿ ಬದುಕುತ್ತಿದ್ದ ಕೂಲಿಕಾರರು, ಗೇಣಿದಾರರು, ಪಾಲಿಗೆ ಮಾಡುವವರು, ಕುಶಲಕರ್ಮಿಗಳನ್ನೂ ಸಂತ್ರಸ್ತ ಕುಟುಂಬ ಅಂತ ಕರೆಯಿತು. 1894ರ ಹಳೇ ಕಾಯ್ದೆಯ ಕಣ್ಣಿಗೆ ಇವರಲ್ಲಿ ಬಹಳಷ್ಟು ಜನ ಬಿದ್ದೇ ಇರಲಿಲ್ಲ. ಇದು ಒಪ್ಪಂದವಾದದ ದಾರಿಯ ಹೆಜ್ಜೆ ಅಂತಲೇ ನಾನು ಓದುತ್ತೇನೆ. ಅದೇ ಕಾಯ್ದೆಯಲ್ಲಿ ಬೆಂಥಮ್ಮನೂ ಇದ್ದಾನೆ: ಯೋಜನೆಯ ಲಾಭ ಸಾಮಾಜಿಕ ನಷ್ಟವನ್ನು ಮೀರಬೇಕು, ಅದಕ್ಕೆ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು ಅನ್ನುತ್ತದೆ. ಆದರೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯ ಇರುವ ನೀರಾವರಿ ಯೋಜನೆಗಳಿಗೆ ಈ ಸಾಮಾಜಿಕ ಅಧ್ಯಯನದಿಂದ ವಿನಾಯಿತಿ. ಅತಿ ಜಾಸ್ತಿ ಜನರನ್ನು ಎಬ್ಬಿಸುವ ಯೋಜನೆಗಳಿಗೇ ವಿನಾಯಿತಿ, ಅಲ್ವಾ!

2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 519.6 ಮೀಟರ್ ಬದಲು 524.256 ಮೀಟರ್ ತನಕ ನೀರು ನಿಲ್ಲಿಸಲು ಒಪ್ಪಿತು. ಅದಕ್ಕೆ ಬೇಕಾದ ಜಮೀನಿಗೆ 2025ರಲ್ಲಿ ರಾಜ್ಯ ಸಂಪುಟ ನಿಗದಿ ಮಾಡಿದ್ದು ನೀರಾವರಿ ಎಕರೆಗೆ 40 ಲಕ್ಷ, ಒಣ ಎಕರೆಗೆ 30 ಲಕ್ಷ ರೂಪಾಯಿ. ದರ ಸಾಲದು ಅನ್ನುವವರೂ, ಜಾಸ್ತಿ ಆಯಿತು ಅನ್ನುವವರೂ ಇದ್ದಾರೆ. ನನ್ನ ಪ್ರಶ್ನೆ ದರದ್ದಲ್ಲ. 2010ಕ್ಕೂ 2025ಕ್ಕೂ ನಡುವೆ 15 ವರ್ಷ. ಹೊಲ ಹೋಗುತ್ತದೆ ಅಂತ ಗೊತ್ತಿದ್ದವನು ಬಾವಿ ತೋಡಿಸಲೋ ಬೇಡವೋ, ಮಗನಿಗೆ ಮನೆ ಕಟ್ಟಿಸಲೋ ಬೇಡವೋ ಅಂತ ಕಾಯ್ದ ವರ್ಷಗಳನ್ನು ಎಕರೆ ಲೆಕ್ಕದಲ್ಲಿ ಎಲ್ಲಿ ಬರೆಯುತ್ತೀರಿ?

ಬಹುಮತದಿಂದ ಠರಾವು ಪಾಸಾದ್ರ ಅದೇ ಒಪ್ಪಂದ ಅಲ್ಲೇನು?

ಅಲ್ಲ. ಬಹುಮತ ಬೇರೆ, ಎಲ್ಲರ ಒಪ್ಪಿಗೆ ಬೇರೆ. ಮೇಲೆ ಹೇಳಿದ ಕಾಯ್ದೆ ಖಾಸಗಿ ಕಂಪನಿಗೆ ಜಮೀನು ಬೇಕಾದರೆ ಶೇ 80ರಷ್ಟು, ಸರ್ಕಾರ-ಖಾಸಗಿ ಪಾಲುದಾರಿಕೆಗೆ ಶೇ 70ರಷ್ಟು ಸಂತ್ರಸ್ತರ ಒಪ್ಪಿಗೆ ಕೇಳುತ್ತದೆ. ಸರ್ಕಾರದ್ದೇ ಯೋಜನೆ ಆದರೆ ಒಪ್ಪಿಗೆಯೇ ಬೇಕಿಲ್ಲ. ಒಪ್ಪದೆ ಉಳಿದ ಶೇ 20ರವರಿಗೆ ಏನು ಕಾರಣ ಹೇಳುತ್ತೀರಿ ಅನ್ನುವಲ್ಲಿಂದ ಒಪ್ಪಂದವಾದಿಯ ಕೆಲಸ ಶುರು.

ನಮ್ಮ ಸಂವಿಧಾನ ಯಾವ ಕಡೆ ಐತ್ರಿ?

ಎರಡೂ ಕಡೆ. ಮೂರನೇ ಭಾಗದ ಮೂಲಭೂತ ಹಕ್ಕುಗಳು ಬಹುಮತಕ್ಕೂ ಒಂದು ಗೆರೆ ಎಳೆಯುತ್ತವೆ. 1973ರ ಕೇಶವಾನಂದ ಭಾರತಿ ತೀರ್ಪು ಆ ಗೆರೆಯನ್ನು ಇನ್ನೂ ಗಟ್ಟಿ ಮಾಡಿ, ಸಂಸತ್ತಿಗೂ ಮೂಲ ರಚನೆ ಮುಟ್ಟುವ ಅಧಿಕಾರ ಇಲ್ಲ ಅಂದಿತು. ನಾಲ್ಕನೇ ಭಾಗದ ನಿರ್ದೇಶಕ ತತ್ವಗಳಲ್ಲಿ ಜನಹಿತದ ಮಾತು ಜಾಸ್ತಿ. ಆಸ್ತಿಯ ಹಕ್ಕು ಮೊದಲು ಮೂಲಭೂತ ಹಕ್ಕಾಗಿತ್ತು, 1978ರ 44ನೇ ತಿದ್ದುಪಡಿಯಿಂದ 300ಎ ವಿಧಿಗೆ ಹೋಯಿತು. ಈಗ ಅದು ಸಂವಿಧಾನದ ಹಕ್ಕು ಹೌದು, ಮೂಲಭೂತ ಹಕ್ಕಲ್ಲ. ಜಮೀನ್ದಾರನ ಹೊಲ ಉಳುವವನಿಗೆ ಕೊಡಲು ತೆರೆದ ಬಾಗಿಲಿನಲ್ಲೇ ಸಣ್ಣ ಹಿಡುವಳಿದಾರನ ಹೊಲವೂ ಹೊರಗೆ ಹೋಯಿತು.

## ಜಗ್ಗಾಟ ಇರುವ ಪ್ರಶ್ನೆಗಳು

ಪರದೆ ಹಿಂದ ಕುಂತ್ರೂ ನಾ ಸರಾಸರಿನ ಆರಿಸ್ತೀನಿ. ಕೆಳಗಿನವನನ್ನ ಯಾಕ ನೋಡ್ಲಿ?

ನೀವೊಬ್ಬರೇ ಅಲ್ಲ. ಜಾನ್ ಹರ್ಸಾನಿ ರಾಲ್ಸ್‌ಗಿಂತ ಮೊದಲೇ, 1953ರಲ್ಲಿ, ಇಂಥದ್ದೇ ಪರದೆ ಕಟ್ಟಿ ಸರಾಸರಿಯ ಉಪಯುಕ್ತತಾವಾದಕ್ಕೆ ಬಂದು ಮುಟ್ಟಿದ. 1994ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಅವನು. ಯಾರ ಜಾಗದಲ್ಲಿ ಬೇಕಾದರೂ ಹುಟ್ಟಬಹುದು, ಎಲ್ಲಕ್ಕೂ ಸಮ ಸಂಭವ ಅಂದಮೇಲೆ ಸರಾಸರಿ ಜಾಸ್ತಿ ಇದ್ದದ್ದನ್ನು ಆರಿಸುವುದೇ ಬುದ್ಧಿವಂತಿಕೆ.

ಅಂಕಿಯಲ್ಲಿ ನೋಡಿ, ಸುಮ್ನೆ ಕಲ್ಪಿಸಿಕೊಂಡ ಅಂಕಿ. ಒಂದೇ ಕಾಲುವೆ, ನಾಲ್ಕು ರೈತರು, ವರ್ಷದ ಆದಾಯ ಲಕ್ಷಗಳಲ್ಲಿ. ಮೊದಲ ಪಾಳಿಯಲ್ಲಿ 10, 10, 10, 1. ಎರಡನೆಯದರಲ್ಲಿ 6, 6, 6, 5. ಮೂರನೆಯದರಲ್ಲಿ 8, 8, 8, 3. ದುಡ್ಡಿನ ಮೊತ್ತ ನೋಡುವವನು ಮೊದಲನೆಯದು ಆರಿಸುತ್ತಾನೆ, ಅಲ್ಲಿ 31. ಅತಿ ಕೆಳಗಿನವನನ್ನು ನೋಡುವವನಿಗೆ ಎರಡನೆಯದು, ಅಲ್ಲಿ ಕೊನೆಯವನಿಗೂ 5. ಆದರೆ ದುಡ್ಡೇ ಸುಖ ಅಲ್ಲ. ಒಂದು ಲಕ್ಷದವನಿಗೆ ಇನ್ನೊಂದು ಲಕ್ಷ ಸಿಕ್ಕರೆ ಆಗುವ ಖುಷಿ ಹತ್ತು ಲಕ್ಷದವನಿಗೆ ಆಗುವುದಿಲ್ಲ. ಆದಾಯ ಎರಡು ಪಟ್ಟಾದಾಗಲೆಲ್ಲ ಸುಖ ಅಷ್ಟಷ್ಟೇ ಏರುತ್ತದೆ ಅಂತ ಹಿಡಿದರೆ, ನಾಲ್ಕೂ ಅಂಕಿ ಗುಣಿಸಿ ಹೋಲಿಸಿದರೆ ಸಾಕು: 1000, 1080, 1536. ಮೂರನೆಯದು ಗೆದ್ದಿತು! ಅಂದರೆ ಜಾಣ ಉಪಯುಕ್ತತಾವಾದಿ ನಾವು ಬೈಯುವಷ್ಟು ಕೊನೆಭಾಗದವರನ್ನು ಮರೆಯುವುದಿಲ್ಲ. ಡಿಗ್ರಿ ನೋಟ್ಸುಗಳಲ್ಲಿ ಈ ಮಾತು ಬರುವುದೇ ಇಲ್ಲ.

ರಾಲ್ಸ್‌ನ ಉತ್ತರ ಎರಡು. ಒಂದು, ಪರದೆ ಹಿಂದೆ ಸಂಭವಗಳೇ ಗೊತ್ತಿಲ್ಲ, ಇರುವುದೊಂದೇ ಬದುಕನ್ನು ಜೂಜಿಗೆ ಇಡಲಾಗದು. ಎರಡು, ಪರದೆ ಸರಿದ ಮೇಲೆ ಸೋತವನೂ ಆ ಮಾತಿಗೆ ಬದ್ಧನಾಗಿ ಬದುಕಬೇಕು, ಅವನಿಂದ ಆಗದ ಮಾತು ಕೊಡಿಸಬಾರದು. ನನಗೆ ಎರಡನೆಯದೇ ಗಟ್ಟಿ ಅನಿಸುತ್ತದೆ. ಬರೀ ಅತಿ ಕೆಟ್ಟದ್ದನ್ನೇ ನೋಡುವವನು ಅಪಘಾತಕ್ಕೆ ಹೆದರಿ ಒಳ್ಳೆಯ ನೌಕರಿಗಾಗಿ ವಿಮಾನವನ್ನೂ ಹತ್ತಲಾರ ಅಂತ ಹರ್ಸಾನಿ 1975ರಲ್ಲಿ ಚುಚ್ಚಿದ್ದಕ್ಕೆ ಮೊದಲ ಉತ್ತರ ಅಷ್ಟು ಸರಿಯಾಗಿ ನಿಲ್ಲುವುದಿಲ್ಲ.

ನಿಜವಾದ ಜನರನ್ನು ಕೂರಿಸಿ ಕೇಳಿದವರೂ ಇದ್ದಾರೆ. ಫ್ರೋಲಿಕ್ ಮತ್ತು ಓಪನ್‌ಹೈಮರ್ 1980ರ ದಶಕದಿಂದ ವಿದ್ಯಾರ್ಥಿಗಳ ಗುಂಪುಗಳ ಮೇಲೆ ಪ್ರಯೋಗ ಮಾಡಿದರು. ಬಹುಪಾಲು ಗುಂಪುಗಳು ಬರೀ ಸರಾಸರಿಯನ್ನೂ ಆರಿಸಲಿಲ್ಲ, ರಾಲ್ಸ್‌ನ ತತ್ವವನ್ನೂ ಆರಿಸಲಿಲ್ಲ. ಇಷ್ಟಕ್ಕಿಂತ ಕೆಳಗೆ ಯಾರೂ ಬೀಳಬಾರದು ಅಂತ ಒಂದು ತಳ ಹಾಕಿ, ಅದರ ಮೇಲೆ ಸರಾಸರಿ ಹೆಚ್ಚಲಿ ಅಂದವು.

ಒಪ್ಪಂದಕ್ಕ ಬರಲಾರದವರ ಗತಿ? ಎತ್ತು, ಎಮ್ಮಿ, ಬುದ್ಧಿಮಾಂದ್ಯ ಕೂಸು, ಇನ್ನೂ ಹುಟ್ಟದವರು?

ಇಲ್ಲಿ ಉಪಯುಕ್ತತಾವಾದದ್ದೇ ಮೇಲುಗೈ, ಒಪ್ಪಿಕೊಳ್ಳೋಣ. ನರಳುವ ಜೀವ ಅಂದಮೇಲೆ ಲೆಕ್ಕಕ್ಕೆ ಬಂತು, ಮಾತು ಬರಬೇಕಿಲ್ಲ, ಸಹಿ ಬೇಕಿಲ್ಲ. ಒಪ್ಪಂದವಾದ ಮಾತ್ರ ಸರಿಸುಮಾರು ಸಮಬಲದವರು, ಪರಸ್ಪರ ಲಾಭಕ್ಕೆ ಕೂಡಿದವರು ಅಂತ ಚಿತ್ರ ಬರೆದುಕೊಂಡೇ ಶುರುವಾಗುತ್ತದೆ. ಮಾರ್ಥಾ ನುಸ್‌ಬಾಮ್ 2006ರಲ್ಲಿ ರಾಲ್ಸ್‌ನ ಈ ಜಾಗಕ್ಕೇ ಕೈ ಹಾಕಿದರು: ಅಂಗವಿಕಲರು, ಹೊರದೇಶದವರು, ಪ್ರಾಣಿಗಳು ಹೊರಗುಳಿದರು. ಅದಕ್ಕೂ ಮೊದಲು 1988ರಲ್ಲಿ ಕ್ಯಾರೊಲ್ ಪೇಟ್‌ಮನ್, ಹಳೇ ಒಪ್ಪಂದದ ಕಥೆಗಳು ಗಂಡಸರ ನಡುವಿನ ಒಪ್ಪಂದಗಳು, ಹೆಂಗಸರು ಅದರ ಕೆಳಗೆ ಮೊದಲೇ ಅಡಗಿಹೋಗಿದ್ದರು ಅಂದರು. ನಮ್ಮ ಉತಾರಗಳನ್ನು ತೆಗೆದು ನೋಡಿ, ಎಷ್ಟರಲ್ಲಿ ಹೆಣ್ಣುಮಕ್ಕಳ ಹೆಸರಿದೆ.

ಅಮರ್ತ್ಯ ಸೇನ್ ಎಲ್ಲಿ ಬರ್ತಾರ್ರಿ?

ಇಬ್ಬರನ್ನೂ ಪ್ರಶ್ನಿಸುವ ಜಾಗದಲ್ಲಿ. ಸುಖವನ್ನೇ ಅಳೆದರೆ, ಕಷ್ಟಕ್ಕೆ ಒಗ್ಗಿಹೋದವನು ಇದ್ದುದರಲ್ಲೇ ಸಮಾಧಾನ ಅನ್ನುತ್ತಾನೆ, ಅವನ ನಷ್ಟ ಲೆಕ್ಕಕ್ಕೇ ಸಿಗುವುದಿಲ್ಲ. ರಾಲ್ಸ್‌ನಂತೆ ಆದಾಯ, ಅವಕಾಶಗಳನ್ನೇ ಅಳೆದರೆ, ಅದೇ ದುಡ್ಡಿನಿಂದ ಒಬ್ಬೊಬ್ಬ ಏನು ಮಾಡಬಲ್ಲ ಅನ್ನುವ ವ್ಯತ್ಯಾಸ ತಪ್ಪಿಹೋಗುತ್ತದೆ. ಹೊಲ ಬಿಟ್ಟು ಬೇರೇನೂ ಗೊತ್ತಿಲ್ಲದವನ ಕೈಯಲ್ಲಿರುವ 30 ಲಕ್ಷವೂ, ಅಂಗಡಿ ನಡೆಸಿ ಗೊತ್ತಿದ್ದವನ ಕೈಯಲ್ಲಿರುವ 30 ಲಕ್ಷವೂ ಒಂದೇ ಅಲ್ಲ. 2009ರ ಪುಸ್ತಕದಲ್ಲಿ ಸೇನ್ ಇನ್ನೂ ಮುಂದೆ ಹೋಗಿ, ಪರಿಪೂರ್ಣ ನ್ಯಾಯದ ನಕ್ಷೆ ಬರೆಯುತ್ತ ಕೂರದೆ ಎದುರಿಗಿರುವ ಅನ್ಯಾಯ ಕಮ್ಮಿ ಮಾಡುವ ದಾರಿಗಳನ್ನು ಹೋಲಿಸಿ ಅನ್ನುತ್ತಾರೆ.

ಸುತ್ತಿ ಬಳಸಿ ಹೇಳಬ್ಯಾಡ್ರಿ, ನೀವು ಯಾವ ಕಡೆ?

ಯೋಜನೆ ಬೇಕೋ ಬೇಡವೋ ಅನ್ನುವಾಗ ಲೆಕ್ಕದ ಕಡೆ. ಅದರ ಭಾರ ಯಾರ ಹೆಗಲಿಗೆ ಅನ್ನುವಾಗ ಒಪ್ಪಂದದ ಕಡೆ. ಅಣೆಕಟ್ಟು ಬೇಡವಾಗಿತ್ತು ಅಂತ ನಾನು ಅನ್ನುವುದಿಲ್ಲ, ವಿಜಯಪುರದ ಬರ ನೋಡಿದವರು ಅನ್ನಲಾರರು. ಆದರೆ ಮುಳುಗಿದವನ ಎದುರು ನಿಂತು "ಒಟ್ಟಾರೆ ಒಳ್ಳೆಯದಾಯಿತು" ಅನ್ನುವುದನ್ನು ಉತ್ತರ ಅಂತ ಒಪ್ಪಲು ನನ್ನಿಂದ ಆಗುವುದಿಲ್ಲ. ಥಾಮಸ್ ಸ್ಕ್ಯಾನ್ಲನ್ ಅನ್ನುವವರ ಅಳತೆಗೋಲು ಈ ವಿಷಯದಲ್ಲಿ ರಾಲ್ಸ್‌ನದಕ್ಕಿಂತ ನನಗೆ ಹತ್ತಿರ. ಯಾರೂ ತಕ್ಕ ಕಾರಣ ಕೊಟ್ಟು ತಳ್ಳಿಹಾಕಲಾಗದ ನಿಯಮ ಬೇಕು ಅಂತ ಅವರು ಹೇಳುವುದು. ಪರದೆ ಬೇಕಿಲ್ಲ, ಎದುರಿಗೆ ನಿಂತವನ ಮುಖ ನೋಡಿಯೇ ಮಾತಾಡಬಹುದು.

ಮೊದಲು ಯಾವುದು ಓದ್ಲಿ? ಪುಸ್ತಕ ದಪ್ಪ ಇದ್ರ ನಿದ್ದಿ ಬರ್ತದ.

ಮಿಲ್‌ನ ಉಪಯುಕ್ತತಾವಾದದ ಪುಸ್ತಕ ತೆಳ್ಳಗಿದೆ, ಐದೇ ಅಧ್ಯಾಯ. ಎರಡನೆಯದು, ಐದನೆಯದು ಓದಿ. ನ್ಯಾಯದ ಮಾತು ಐದನೆಯದರಲ್ಲಿದೆ. ರಾಲ್ಸ್‌ನ 1971ರ ಪುಸ್ತಕ ಸುಮಾರು 600 ಪುಟ, ಪೂರ್ತಿ ಓದಲು ಹೋಗಿ ನಡುವೆ ಬಿಟ್ಟವರೇ ಜಾಸ್ತಿ. ಅದರಲ್ಲಿ 3, 4, 5, 11, 24, 26ನೇ ವಿಭಾಗ ಓದಿದರೆ ಈ ಹೋಲಿಕೆಗೆ ಸಾಕು. 5ನೆಯದು ಉಪಯುಕ್ತತಾವಾದದ ಬಗ್ಗೆಯೇ ಇದೆ, ಅಲ್ಲಿಂದ ಶುರು ಮಾಡಿದರೂ ನಡೆಯುತ್ತದೆ. ಹ್ಯೂಮ್‌ನ ಹಡಗಿನ ಪ್ರಬಂಧ ಒಂದು ಸಂಜೆಯ ಓದು.